ಒಂದು ಹಲ್ಲು ತಪ್ಪಿದರೆ

ಫೆರಾರಿ ಎಫ್355ರ ಟೈಮಿಂಗ್ ಬೆಲ್ಟ್ ಬದಲಿಸಬೇಕೆಂದರೆ ಎಂಜಿನ್ ಹೊರಗೆ ಬರಲೇಬೇಕು. ಅದು ಬರುವ ರೀತಿಯೂ ವಿಚಿತ್ರವೇ. ಬಾನೆಟ್ ಎತ್ತಿ, ಸರಪಳಿ ಬಿಗಿದು, ಚೈನ್ ಪುಲ್ಲಿಯಲ್ಲಿ ಮೇಲಕ್ಕೆಳೆಯುವ ನಮ್ಮೂರ ಗ್ಯಾರೇಜಿನ ಪದ್ಧತಿ ಇಲ್ಲಿ ನಡೆಯುವುದಿಲ್ಲ. ಕೂಲಂಟ್ ಪೈಪು, ಪೆಟ್ರೋಲ್ ಲೈನು, ಎಸಿ ಹೋಸು, ವೈರಿಂಗು, ಸೈಲೆನ್ಸರು ಎಲ್ಲ ಕಳಚಿದ ಮೇಲೆ, ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಹೊತ್ತ ಹಿಂಭಾಗದ ಸಬ್‌ಫ್ರೇಮಿಗೆ ಕೆಳಗಿನಿಂದ ಗಟ್ಟಿ ಮೇಜೊಂದನ್ನು ಆನಿಸುತ್ತಾರೆ. ಬೋಲ್ಟು ಬಿಚ್ಚಿ ಲಿಫ್ಟಿನ ಗುಂಡಿ ಒತ್ತುತ್ತಾರೆ. ಎಂಜಿನ್ ಇದ್ದಲ್ಲೇ ಇರುತ್ತದೆ. ಕಾರು ಮೇಲೆ ಹೋಗುತ್ತದೆ. ಇಷ್ಟೆಲ್ಲ ಆಗುವುದು ಒಂದೇ ಕೈಯಲ್ಲಿ ಹಿಡಿಯಬಹುದಾದ ರಬ್ಬರ್ ಬೆಲ್ಟಿಗಾಗಿ.

ಬೆಲ್ಟಿನ ಬೆಲೆ ಕೇಳಿದರೆ ಯಾರೂ ಬೆಚ್ಚುವುದಿಲ್ಲ. ಬೆಚ್ಚಿಸುವುದು ಕೂಲಿ. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಈ ಕೆಲಸದ ಬಿಲ್ಲು ಸಾವಿರಾರು ಡಾಲರು, ಪೌಂಡುಗಳಲ್ಲಿ ಬರುತ್ತದೆ. ನಮ್ಮ ಲೆಕ್ಕದಲ್ಲಿ ಲಕ್ಷಗಳು. ಹಾಗಾಗಿ ಹಳೆಯ ಫೆರಾರಿ ಕೊಳ್ಳುವವನು ಕೇಳುವ ಮೊದಲ ಪ್ರಶ್ನೆ ಎಷ್ಟು ಕಿಲೋಮೀಟರ್ ಓಡಿದೆ ಎಂಬುದಲ್ಲ, ಬೆಲ್ಟ್ ಯಾವಾಗ ಆಗಿದೆ ಎಂಬುದು. ಮಾರುವವನೂ ಜಾಹೀರಾತಿನ ಮೊದಲ ಸಾಲಿನಲ್ಲೇ ಹಾಕುತ್ತಾನೆ: ಬೆಲ್ಟ್ ಆಗಿದೆ. ನನ್ನ ತಕರಾರು ಇರುವುದು ಈ ‘ಆಗಿದೆ’ ಎಂಬ ಮಾತಿನ ಮೇಲೆ. ಏನು ಆಗಿದೆ? ಬೆಲ್ಟ್ ಹೊಸದಾಗಿದೆ, ಸರಿ. ಆ ಬೆಲ್ಟ್ ಯಾವುದಕ್ಕಾಗಿ ಇದೆಯೋ ಆ ಕೋನವನ್ನು ಯಾರಾದರೂ ಅಳೆದರೇ?

ಕೋನ ಯಾವುದೆಂದು ಮೊದಲು ನೋಡೋಣ. ನಾಲ್ಕು ಸ್ಟ್ರೋಕಿನ ಎಂಜಿನ್‌ನಲ್ಲಿ ಪಿಸ್ಟನ್ನು ಮೇಲೆ ಕೆಳಗೆ ಆಡುತ್ತಾ ಕ್ರ್ಯಾಂಕನ್ನು ತಿರುಗಿಸುತ್ತದೆ. ತಲೆಯ ಮೇಲಿನ ಕ್ಯಾಮ್‌ಶಾಫ್ಟು ತನ್ನ ಉಬ್ಬುಗಳಿಂದ ವಾಲ್ವುಗಳನ್ನು ಒತ್ತಿ ತೆರೆಯುತ್ತದೆ. ಮುಚ್ಚುವುದು ಸ್ಪ್ರಿಂಗಿನ ಕೆಲಸ. ಕ್ರ್ಯಾಂಕು ಎರಡು ಸುತ್ತು ಸುತ್ತುವಷ್ಟರಲ್ಲಿ ಕ್ಯಾಮು ಸರಿಯಾಗಿ ಒಂದು ಸುತ್ತು ಮುಗಿಸಬೇಕು, ಆ ಸುತ್ತೂ ಸರಿಯಾದ ಜಾಗದಿಂದಲೇ ಶುರುವಾಗಿರಬೇಕು. ಈ ಎರಡರ ನಡುವಿನ ಒಪ್ಪಂದಕ್ಕೆ ಟೈಮಿಂಗ್ ಎಂದು ಹೆಸರು. ಒಪ್ಪಂದ ಕಾಯುವುದು ಹಲ್ಲಿರುವ ಬೆಲ್ಟು, ಇಲ್ಲವೇ ಸರಪಳಿ, ಇಲ್ಲವೇ ಗೇರುಗಳ ಸಾಲು.

1994ರಲ್ಲಿ ಬಂದ ಎಫ್355ರದು ಮೂರೂವರೆ ಲೀಟರಿನ ವಿ8 ಎಂಜಿನ್. ಸಿಲಿಂಡರಿಗೆ ಐದು ವಾಲ್ವು, ಗಾಳಿ ಒಳಗೆ ಬರಲು ಮೂರು, ಹೊಗೆ ಹೊರಗೆ ಹೋಗಲು ಎರಡು, ಒಟ್ಟು 40. ನಾಲ್ಕು ಕ್ಯಾಮ್‌ಶಾಫ್ಟ್, ಟೈಟೇನಿಯಮ್ಮಿನ ಕನೆಕ್ಟಿಂಗ್ ರಾಡು, 380 ಅಶ್ವಶಕ್ತಿ. ಕೆಂಪುಗೆರೆ 8,500 ಆರ್‌ಪಿಎಂ. ಆ ವೇಗದಲ್ಲಿ ಪ್ರತಿ ಕ್ಯಾಮು ಸೆಕೆಂಡಿಗೆ 70 ಸುತ್ತು ಸುತ್ತುತ್ತದೆ. 40 ವಾಲ್ವುಗಳ ಲೆಕ್ಕ ಕೂಡಿಸಿದರೆ ಸೆಕೆಂಡಿಗೆ ಸುಮಾರು 2,800 ಬಾರಿ ಬಾಗಿಲು ತೆರೆದು ಮುಚ್ಚುತ್ತದೆ. ಪಿಸ್ಟನ್ನು ಮೇಲೆ ಬರುವ ಹೊತ್ತಿಗೆ ಸರಿಯಾಗಿ ವಾಲ್ವು ಜಾಗ ಬಿಟ್ಟಿರುತ್ತದೆ. ಇಬ್ಬರೂ ಒಂದೇ ಜಾಗಕ್ಕೆ ಬರುತ್ತಾರೆ, ಬೇರೆ ಬೇರೆ ಹೊತ್ತಿನಲ್ಲಿ. ಬೆಲ್ಟು ಕಡಿದ ಕ್ಷಣ ಕ್ಯಾಮು ನಿಂತುಬಿಡುತ್ತದೆ, ಕೆಲವು ವಾಲ್ವುಗಳು ತೆರೆದ ಬಾಯಿ ತೆರೆದೇ ಇರುತ್ತವೆ, ಪಿಸ್ಟನ್ನು ಬಂದು ಗುದ್ದುತ್ತದೆ. ಡೀಸೆಲ್ ಇಂಡಿಕಾ ಓಡಿಸಿದವರಿಗೆ ಈ ಕಥೆ ಹೊಸದಲ್ಲ. ‘ಬೆಲ್ಟ್ ಕಟ್ಟಾಗಿದೆ ಸಾರ್, ವಾಲ್ವ್ ಬೆಂಡಾಗಿದೆ, ಹೆಡ್ ಬಿಚ್ಚಬೇಕು’ ಎಂಬ ಮೂರು ವಾಕ್ಯ ಕೇಳಿ ಗ್ಯಾರೇಜಿನ ಸ್ಟೂಲಿನ ಮೇಲೆ ಕೂತವರು ಕರ್ನಾಟಕದಲ್ಲಿ ಎಷ್ಟೋ ಮಂದಿ ಇದ್ದಾರೆ. ಫೆರಾರಿಯಲ್ಲಿ ಅದೇ ಮೂರು ವಾಕ್ಯ, ಬಿಲ್ಲಿನಲ್ಲಿ ಮಾತ್ರ ಸೊನ್ನೆ ಹೆಚ್ಚು.

ಹೊಲಿಗೆ ಯಂತ್ರದಿಂದ ಮರನೆಲ್ಲೊಗೆ

ಇಷ್ಟು ನಾಜೂಕಿನ ಕೆಲಸವನ್ನು ರಬ್ಬರಿಗೆ ಯಾರು ವಹಿಸಿದರು? ಹಲ್ಲಿನ ಬೆಲ್ಟು ಹುಟ್ಟಿದ್ದು ಕಾರಿಗಾಗಿ ಅಲ್ಲ. 1940ರ ದಶಕದಲ್ಲಿ ಅಮೆರಿಕದ ಗಿಲ್ಮರ್ ಕಂಪನಿಯಲ್ಲಿ ರಿಚರ್ಡ್ ಕೇಸ್ ಎಂಬ ಎಂಜಿನಿಯರ್ ಇದನ್ನು ರೂಪಿಸಿದ್ದು ಸಿಂಗರ್ ಹೊಲಿಗೆ ಯಂತ್ರಕ್ಕೆ. ಮೇಲಿನ ಸೂಜಿ, ಕೆಳಗಿನ ಬಾಬಿನ್ನು ಒಂದಕ್ಕೊಂದು ಜಾರದೆ ಹೊಂದಿಕೊಂಡು ಓಡಬೇಕಿತ್ತು. ಮಾಮೂಲಿ ಬೆಲ್ಟು ಜಾರುತ್ತದೆ, ಗೇರು ಗಲಾಟೆ ಮಾಡುತ್ತದೆ. ಬೆಲ್ಟಿಗೇ ಹಲ್ಲು ಕೊಟ್ಟರೆ ಎರಡೂ ತಾಪತ್ರಯ ತಪ್ಪಿತು.

1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬಿಲ್ ಡೆವಿನ್ ತಮ್ಮ ಪುಟ್ಟ ಪನಾರ್ಡ್ ಎಂಜಿನ್ನಿನ ರೇಸ್ ಕಾರಿನಲ್ಲಿ ಈ ಬೆಲ್ಟಿನಿಂದ ಕ್ಯಾಮು ತಿರುಗಿಸಿ ನೋಡಿದರು. ಶೋರೂಮಿನಲ್ಲಿ ಮಾರುವ ಕಾರಿಗೆ ಅದು ಬಂದದ್ದು ಜರ್ಮನಿಯ ಬವೇರಿಯಾದ ಡಿಂಗೊಲ್ಫಿಂಗ್ ಎಂಬ ಊರಿನ ಗ್ಲಾಸ್ ಕಂಪನಿಯಿಂದ. 1961ರಲ್ಲಿ ತೋರಿಸಿ ಮರುವರ್ಷ ಮಾರಾಟಕ್ಕೆ ಬಿಟ್ಟ ಗ್ಲಾಸ್ 1004 ಅದರ ಹೆಸರು. ಈ ಗ್ಲಾಸ್ ಕಂಪನಿಯವರು ಮೂಲತಃ ಬಿತ್ತನೆ ಯಂತ್ರ ಮಾಡುತ್ತಿದ್ದವರು, ಅಂದರೆ ನಮ್ಮ ಕೂರಿಗೆಯ ಜರ್ಮನ್ ದಾಯಾದಿ. ಹೊಲಿಗೆಯವರ ಬೆಲ್ಟು ಕೂರಿಗೆಯವರ ಕೈ ಹಿಡಿದು ಕಾರಿನೊಳಗೆ ಬಂತು! ಕಂಪನಿಯನ್ನು 1966ರಲ್ಲಿ ಬಿಎಂಡಬ್ಲ್ಯು ಕೊಂಡಿತು. ಡಿಂಗೊಲ್ಫಿಂಗಿನಲ್ಲಿ ಇವತ್ತಿಗೂ ಬಿಎಂಡಬ್ಲ್ಯು ಕಾರ್ಖಾನೆ ಇದೆ.

ಫೆರಾರಿಯ ಊರಾದ ಮರನೆಲ್ಲೊ ಕಡೆಗೆ ಬೆಲ್ಟಿನ ದಾರಿ ತಿರುಗಿಸಿದ್ದು ಇಟಲಿಯ ಅವ್ರೆಲಿಯೊ ಲ್ಯಾಂಪ್ರೆಡಿ ಎಂದರೆ ಪೂರ್ತಿ ನಿಜವೂ ಅಲ್ಲ, ಪೂರ್ತಿ ಸುಳ್ಳೂ ಅಲ್ಲ. ಆತ ಮೊದಲು ಫೆರಾರಿಯಲ್ಲೇ ಇದ್ದವರು. 1952 ಮತ್ತು 1953ರಲ್ಲಿ ಅಲ್ಬೆರ್ಟೊ ಅಸ್ಕಾರಿಯನ್ನು ವಿಶ್ವ ಚಾಂಪಿಯನ್ ಮಾಡಿದ ನಾಲ್ಕು ಸಿಲಿಂಡರಿನ ಎಂಜಿನ್ ಅವರ ಕೈಯದು. 1955ರಲ್ಲಿ ಫೆರಾರಿ ಬಿಟ್ಟು ಫಿಯೆಟ್ ಸೇರಿದರು. ಅಲ್ಲಿ, 1966ರ ಫಿಯೆಟ್ 124 ಸ್ಪೋರ್ಟಿಗಾಗಿ, ಎರಡು ಕ್ಯಾಮುಗಳನ್ನು ಹಲ್ಲಿನ ಬೆಲ್ಟಿನಿಂದ ತಿರುಗಿಸುವ ಎಂಜಿನ್ ಮಾಡಿದರು. ಅಲ್ಲಿಯವರೆಗೆ ಎರಡು ಕ್ಯಾಮೆಂದರೆ ದುಬಾರಿ ಕಾರಿನ ಒಡವೆ. ಅಗ್ಗದ ಬೆಲ್ಟು ಅದನ್ನು ಗುಮಾಸ್ತರ ಕಾರಿಗೆ ತಂದಿತು. (ಅದೇ 124ರ ದೇಹ 1980ರ ದಶಕದಲ್ಲಿ ಪ್ರೀಮಿಯರ್ 118 ಎನ್‌ಇ ಎಂಬ ಹೆಸರಿನಲ್ಲಿ ನಮ್ಮ ರಸ್ತೆಗೂ ಬಂತು. ಒಳಗಿದ್ದದ್ದು ಮಾತ್ರ ಪುಷ್‌ರಾಡಿನ ನಿಸಾನ್ ಎಂಜಿನ್. ಲ್ಯಾಂಪ್ರೆಡಿಯ ಬೆಲ್ಟು ನಮ್ಮ ಪಾಲಿಗೆ ಬರಲಿಲ್ಲ.)

1969ರಲ್ಲಿ ಫೆರಾರಿಯ ಅರ್ಧ ಪಾಲನ್ನು ಫಿಯೆಟ್ ಕೊಂಡಿತು. 1968ರ ಡೇಟೋನಾದ ವಿ12ರಲ್ಲಿ ಸರಪಳಿಯಿತ್ತು. ಅದರ ಜಾಗಕ್ಕೆ 1973ರಲ್ಲಿ ಬಂದ 365 ಜಿಟಿ4 ಬಿಬಿಯ ಮಲಗಿದ ಹನ್ನೆರಡು ಸಿಲಿಂಡರುಗಳಿಗೆ ಬೆಲ್ಟು. ಅದೇ ವರ್ಷದ ಡೀನೊ 308 ಜಿಟಿ4ರ ವಿ8ಕ್ಕೂ ಬೆಲ್ಟು. ಹೊಸ ಯಜಮಾನರ ಪ್ರಭಾವವೇ ಎಂದು ಖಚಿತವಾಗಿ ಹೇಳಲು ನನ್ನಲ್ಲಿ ಕಾಗದಪತ್ರವಿಲ್ಲ, ಆದರೆ ಕಾಲ ಚೆನ್ನಾಗಿಯೇ ಹೊಂದುತ್ತದೆ.

ಇವತ್ತು ನಿಂತು ‘ಫೆರಾರಿಗೆ ರಬ್ಬರು ಹಾಕಿದರಲ್ಲ’ ಎಂದು ಮೂಗು ಮುರಿಯುವುದು ಸುಲಭ. ಆಗಿನ ಎಂಜಿನಿಯರನ ಜಾಗದಲ್ಲಿ ನಿಂತು ನೋಡಿ. ವಿ ಆಕಾರದ ಎಂಜಿನ್ನಿನ ಎರಡೂ ತಲೆಗಳಿಗೆ ಉದ್ದನೆಯ ಸರಪಳಿ ಓಡಿಸಬೇಕು. ಅದು ಭಾರ, ವೇಗ ಹೆಚ್ಚಿದಂತೆ ಚಾಟಿಯಾಡುತ್ತದೆ, ಎಣ್ಣೆ ಬೇಡುತ್ತದೆ, ಎಣ್ಣೆ ಹಿಡಿದಿಡಲು ಎರಕದ ದೊಡ್ಡ ಮುಚ್ಚಳ ಬೇಡುತ್ತದೆ, ಮೇಲೆ ಸದ್ದು. ಎಂಜಿನ್ ಇರುವುದೋ ಚಾಲಕನ ಬೆನ್ನ ಹಿಂದೆ, ಒಂದು ಗೋಡೆಯಾಚೆ. ಒಳಗೆ ಗಾಜಿನ ನಾರಿನ ಎಳೆಗಳಿರುವ ಬೆಲ್ಟು ಹೆಚ್ಚುಕಡಿಮೆ ಹಿಗ್ಗುವುದಿಲ್ಲ, ಹಗುರ, ಒಣಗಿದ್ದರೇ ಅದಕ್ಕೆ ಕ್ಷೇಮ. ಲೋಟಸ್ ಅದನ್ನು ಒಪ್ಪಿತು, ಪೋರ್ಷೆ 928 ಮತ್ತು 944ರಲ್ಲಿ ಒಪ್ಪಿತು. ತನ್ನ 911ರಲ್ಲಿ ಮಾತ್ರ ಸರಪಳಿ ಬಿಡಲಿಲ್ಲ. ಮೋಟರ್‌ಸೈಕಲ್ ಲೋಕದಲ್ಲಿ ಡುಕಾಟಿಯ ಫಾಬಿಯೊ ಟಾಲ್ಯೋನಿ, ಜೋಡಿಸಲು ಬಹಳ ಹೊತ್ತು ತಿನ್ನುತ್ತಿದ್ದ ಬೆವೆಲ್ ಗೇರಿನ ಶಾಫ್ಟು ಬಿಟ್ಟು, 1979ರ ಪ್ಯಾಂಟಾದಲ್ಲಿ ಬೆಲ್ಟಿಗೆ ಬಂದರು. ಲ್ಯಾಂಬೊರ್ಗಿನಿ ಉರಾಕೊ ಪಿ250ಯಲ್ಲಿ ಬೆಲ್ಟಿನ ರುಚಿ ನೋಡಿ, ಪಿ300ಕ್ಕೆ ಬರುವಾಗ ಸರಪಳಿಗೆ ಮರಳಿತು. ಇನ್ನು ನಮ್ಮ ಮೈಸೂರಿನ ಯೆಜ್ಡಿಗೆ ಈ ಯಾವ ಚಿಂತೆಯೂ ಇರಲಿಲ್ಲ. ಟೂ ಸ್ಟ್ರೋಕಿಗೆ ಕ್ಯಾಮೂ ಇಲ್ಲ, ವಾಲ್ವೂ ಇಲ್ಲ.

ಎಂಜಿನ್ ತಿರುಗಿದಾಗ

ಫೆರಾರಿಯ 308 ಮತ್ತು 328ರಲ್ಲಿ ಎಂಜಿನ್ ಅಡ್ಡಲಾಗಿ ಕೂತಿತ್ತು. ಬೆಲ್ಟಿನ ತುದಿ ಬಲಬದಿಗೆ ಬರುತ್ತಿದ್ದುದರಿಂದ ಹಿಂದಿನ ಬಲ ಚಕ್ರ ಕಳಚಿ, ಒಳಗಿನ ಹಾಳೆ ತೆಗೆದು, ಬೈದುಕೊಂಡಾದರೂ ಕೈ ಹಾಕಬಹುದಿತ್ತು. 1989ರ 348ರಲ್ಲಿ ಎಂಜಿನ್ನನ್ನು ಉದ್ದಕ್ಕೆ ತಿರುಗಿಸಿದರು. ಭಾರ ನೆಲಕ್ಕೆ ಹತ್ತಿರವಾಯಿತು, ಗೇರ್‌ಬಾಕ್ಸು ಹಿಂದಕ್ಕೆ ಅಡ್ಡಲಾಗಿ ಹೋಯಿತು. ತಿರುವಿನಲ್ಲಿ ಕಾರಿನ ನಡತೆಗೆ ಇದೆಲ್ಲ ಒಳ್ಳೆಯದೇ. ಆದರೆ ಬೆಲ್ಟಿನ ತುದಿ ಈಗ ಸೀಟಿನ ಹಿಂದಿನ ಗೋಡೆಗೆ ಮುಖ ಮಾಡಿ ಕೂತಿತು. ನಡುವೆ ಕೈ ಹೋಗದಷ್ಟು ಜಾಗ.

ಇದನ್ನು ಮಾಡಿದವರು ಮೆಕ್ಯಾನಿಕನ ಬಗ್ಗೆ ಯೋಚಿಸಲೇ ಇಲ್ಲ ಎಂದರೆ ಅನ್ಯಾಯವಾದೀತು. ಅದೇ 348ರಲ್ಲಿ, ಮುಂದೆ 355ರಲ್ಲೂ, ಕ್ಲಚ್ಚನ್ನು ಎಲ್ಲಕ್ಕಿಂತ ಹಿಂದೆ, ಬಂಪರಿನ ಕಡೆಯಿಂದಲೇ ಕೈಗೆ ಸಿಗುವಂತೆ ಇಟ್ಟಿದ್ದಾರೆ. ಎಂಜಿನ್ ಇಳಿಸದೆಯೇ ಕ್ಲಚ್ ಬದಲಿಸಬಹುದು. ಅವರು ಕಾರು ಮಾರುತ್ತಿದ್ದದ್ದು ಮೊದಲ ಯಜಮಾನನಿಗೆ. ಆತ ಕ್ಲಚ್ ಸುಡುತ್ತಾನೆ ಎಂಬುದು ಗೊತ್ತಿತ್ತು. ಬೆಲ್ಟಿನ ಗಡುವು ಬರುವ ಹೊತ್ತಿಗೆ ಆತನ ಗ್ಯಾರೇಜಿಗೆ ಬೇರೆ ಕಾರು ಬಂದಿರುತ್ತದೆ. ಎಂಜಿನ್ ಇಳಿಸುವ ಖರ್ಚು ಸುತ್ತಿಕೊಳ್ಳುವುದು ಎರಡನೆಯವನಿಗೆ, ಮೂರನೆಯವನಿಗೆ, ಕನಸಿನ ಕಾರು ಕೊನೆಗೂ ಕೈಗೆಟುಕಿತೆಂದು ಉಳಿತಾಯವೆಲ್ಲ ಸುರಿದವನಿಗೆ. ಕಾರಿನ ಬೆಲೆ ಅರ್ಧಕ್ಕಿಳಿದರೂ ಸಬ್‌ಫ್ರೇಮಿನ ಬೋಲ್ಟು ಬಿಚ್ಚುವ ಗಂಟೆಗಳು ಅರ್ಧಕ್ಕಿಳಿಯುವುದಿಲ್ಲ. ಪೋರ್ಷೆ 944 ಕೊಂಡ ಎಷ್ಟೋ ವಿದ್ಯಾರ್ಥಿಗಳು ಅಮೆರಿಕದಲ್ಲಿ ಕಲಿತದ್ದೂ ಇದೇ ಪಾಠ.

ಫೆರಾರಿಯದೇ ಟೆಸ್ಟಾರೊಸ್ಸಾದ್ದು ಇನ್ನೂ ದೊಡ್ಡ ಸಂಸಾರ. 1984ರಲ್ಲಿ ಬಂದ ಅದರಲ್ಲಿ ಹನ್ನೆರಡು ಸಿಲಿಂಡರು, 48 ವಾಲ್ವು; ಗೇರ್‌ಬಾಕ್ಸಿನ ಮೇಲೆ ಕೂತ ಎಂಜಿನ್. ಅದೂ ಕೆಳಗಿಳಿಯಬೇಕು. ಇಳಿಸಿದ ಮೇಲೆ ‘ಹೇಗೂ ಹೊರಗಿದೆಯಲ್ಲ’ ಎಂಬ ಮಾತು ಶುರುವಾಗುತ್ತದೆ. ಹೇಗೂ ಹೊರಗಿದೆ, ಕ್ಯಾಮ್ ಸೀಲು ಹಾಕಿಬಿಡೋಣ. ವಾಟರ್ ಪಂಪು ನೋಡಿಬಿಡೋಣ. ಹಳೆಯ ಹೋಸುಗಳು, ಟೆನ್ಷನರ್ ಬೇರಿಂಗು, ವಾಲ್ವ್ ಕ್ಲಿಯರೆನ್ಸು. ಬಿಲ್ಲು ಉಬ್ಬುವುದು ಇಲ್ಲೇ. ಆದರೆ ಇದರಲ್ಲಿ ಹೆಚ್ಚಿನದು ಮೋಸವಲ್ಲ. ಮತ್ತೆ ಎಂಜಿನ್ ಇಳಿಸುವುದಕ್ಕಿಂತ ಈಗಲೇ ಮಾಡುವುದು ಅಗ್ಗ.

1999ರ 360 ಮೊಡೇನಾದಲ್ಲಿ ಫೆರಾರಿ ಸ್ವಲ್ಪ ಮನಸ್ಸು ಮಾಡಿತು. ಸೀಟಿನ ಹಿಂದಿನ ಗೋಡೆಗೆ ಬಿಚ್ಚುವ ಮುಚ್ಚಳ ಕೊಟ್ಟರು. ಸೀಟು ತೆಗೆದು, ಮುಚ್ಚಳ ಬಿಚ್ಚಿ, ಕಾರಿನೊಳಗೇ ಮಂಡಿಯೂರಿ ಬೆಲ್ಟು ಬದಲಿಸಬಹುದು. ಭಾರತದಲ್ಲಿ ಅತಿ ಹೆಚ್ಚು ಸುದ್ದಿಯಾದ ಫೆರಾರಿ ಇದೇ ಮಾದರಿಯದು: ಬ್ರಾಡ್ಮನ್‌ರ 29 ಶತಕ ಸರಿಗಟ್ಟಿದ್ದಕ್ಕೆ ಸಚಿನ್ ತೆಂಡೂಲ್ಕರರಿಗೆ ಸಿಕ್ಕಿದ 360 ಮೊಡೇನಾ. ಅದರ ಆಮದು ಸುಂಕದ ಬಗ್ಗೆ ದೇಶವೆಲ್ಲ ವಾದ ಮಾಡಿತು. ಅದರ ಎಂಜಿನ್ನಿನ ಎರಡು ಬೆಲ್ಟುಗಳ ಗಡುವಿನ ಬಗ್ಗೆ ಯಾರೂ ಕೇಳಿದ ನೆನಪಿಲ್ಲ.

ನಿಂತಲ್ಲೇ ಸವೆಯುವುದು

ಕಂಪನಿಯ ಗಡುವು ಮಾದರಿಯಿಂದ ಮಾದರಿಗೆ, ಕಾಲದಿಂದ ಕಾಲಕ್ಕೆ ಬದಲಾಗಿದೆ. ಮೂರರಿಂದ ಐದು ವರ್ಷ ಎಂದು ಇಟ್ಟುಕೊಳ್ಳಿ. ಇಲ್ಲಿ ಗಮನಿಸಬೇಕಾದ್ದು, ಲೆಕ್ಕ ಕಿಲೋಮೀಟರಿಗಿಂತ ಹೆಚ್ಚಾಗಿ ವರ್ಷದಲ್ಲಿ ನಡೆಯುತ್ತದೆ. ನಮ್ಮ ಸ್ಯಾಂಟ್ರೊ, ಮಾರುತಿಗಳ ಬೆಲ್ಟು ಓಡಿ ಓಡಿ ಸವೆಯುತ್ತಿತ್ತು. ಫೆರಾರಿಗಳ ಬೆಲ್ಟು ನಿಂತು ನಿಂತು ಕೆಡುತ್ತದೆ. ತಿಂಗಳುಗಟ್ಟಲೆ ಹೊದಿಕೆಯಡಿ ನಿಂತ ಕಾರಿನಲ್ಲಿ ಬೆಲ್ಟು ಸಣ್ಣ ಪುಲ್ಲಿಯ ಸುತ್ತ ಒಂದೇ ಮಡಿಕೆಯಲ್ಲಿ ಕೂತಿರುತ್ತದೆ. ರಬ್ಬರು ಬಿರುಸಾಗುತ್ತದೆ. ಕ್ಯಾಮ್ ಸೀಲು ಒಣಗಿ ಎಣ್ಣೆ ಜಿನುಗಿ ಬೆಲ್ಟಿನ ಮೇಲೆ ಬಿದ್ದರೆ ಹಲ್ಲಿನ ಬುಡ ಮೆತ್ತಗಾಗುತ್ತದೆ. ಟೆನ್ಷನರಿನ ಬೇರಿಂಗಿನ ಗ್ರೀಸು ಒಣಗುತ್ತದೆ. ಬೇರಿಂಗು ಹಿಡಿದುಕೊಂಡರೆ ನಿನ್ನೆ ಹಾಕಿದ ಬೆಲ್ಟೂ ಉಳಿಯುವುದಿಲ್ಲ. 308ರಲ್ಲಿ ಕ್ರ್ಯಾಂಕಿನಿಂದ ಮೊದಲು ಗೇರು, ಗೇರಿನಿಂದ ಪುಲ್ಲಿ, ಆಮೇಲೆ ಬೆಲ್ಟು. ಆ ಪುಲ್ಲಿಯ ಶಾಫ್ಟಿಗೂ ಬೇರಿಂಗುಗಳಿವೆ, ಅವೂ ಮುದಿಯಾಗುತ್ತವೆ.

ಮೂರು ವರ್ಷಕ್ಕೆ ತೆಗೆದ ಬೆಲ್ಟು ನೋಡಲು ಹೊಸದರಂತೆಯೇ ಇರುತ್ತದೆ ಎಂದು ಅನೇಕ ಮೆಕ್ಯಾನಿಕರೇ ಹೇಳುತ್ತಾರೆ. ಗಡುವಿನಲ್ಲಿ ಅರ್ಧ ಎಂಜಿನಿಯರಿಂಗು, ಅರ್ಧ ಭಯ ಎಂಬುದು ನನ್ನ ಊಹೆ. ಆದರೆ ಭಯಕ್ಕೆ ಆಧಾರವಿದೆ: ಬೆಲ್ಟು ಮುನ್ಸೂಚನೆ ಕೊಡುವುದಿಲ್ಲ. ಸರಪಳಿ ಸಡಿಲಾದರೆ ಗಲಗಲ ಎನ್ನುತ್ತದೆ, ಬೆಲ್ಟು ಕಡಿಯುವವರೆಗೂ ತೆಪ್ಪಗಿರುತ್ತದೆ. ನಲವತ್ತು ವಾಲ್ವಿನ ತಲೆಗಳನ್ನು ಜೂಜಿಗಿಡಲು ಯಾರಿಗೆ ಧೈರ್ಯ?

ಡಿಗ್ರಿಯ ಲೆಕ್ಕ

ಈಗ ನನ್ನ ತಕರಾರಿನ ಹೊತ್ತು. ಬೆಲ್ಟು ಹಾಕಲು ಎರಡು ದಾರಿಗಳಿವೆ. ಮೊದಲನೆಯದು ಗುರುತಿನ ದಾರಿ. ಎಂಜಿನ್ನನ್ನು ಮೊದಲ ಸಿಲಿಂಡರಿನ ಮೇಲ್ತುದಿಗೆ ತರುತ್ತಾರೆ; 308ರ ಫ್ಲೈವೀಲಿನಲ್ಲಿ ಅದಕ್ಕೆ ‘ಪಿಎಂ 1-4’ ಎಂದು ಕೆತ್ತಿರುತ್ತದೆ, ಬೆಲ್‌ಹೌಸಿಂಗಿನ ಕಿಂಡಿಯಲ್ಲಿ ಇಣುಕಿ ನೋಡಬೇಕು. ಕ್ಯಾಮಿನ ಮೇಲೊಂದು ಗೀರು, ಅದರ ಮುಚ್ಚಳದ ಮೇಲೊಂದು ಗೀರು, ಎರಡೂ ಎದುರುಬದುರಾಗಬೇಕು. ಕ್ಯಾಮುಗಳನ್ನು ಅಲುಗದಂತೆ ಹಿಡಿದು, ಹಳೆಯ ಬೆಲ್ಟಿನ ಹಲ್ಲಿಗೂ ಪುಲ್ಲಿಗೂ ಬಣ್ಣ ಬಳಿದು, ಹಲ್ಲು ಎಣಿಸಿ, ಅದೇ ಬಣ್ಣವನ್ನು ಹೊಸ ಬೆಲ್ಟಿಗೆ ದಾಟಿಸಿ ಹಾಕಿದರೆ ಕೆಲಸ ಮುಗಿಯಿತು. ಮನೆಯ ಗ್ಯಾರೇಜಿನಲ್ಲೇ ಮಾಡಿಕೊಳ್ಳುವ ಧೈರ್ಯವಂತರೂ ಹೆಚ್ಚಾಗಿ ಹೀಗೆಯೇ ಮಾಡುವುದು.

ಇದರಲ್ಲಿರುವ ತೊಂದರೆ ಸರಳ. ಮೊದಲು ಎಷ್ಟು ತಪ್ಪಿತ್ತೋ ಅಷ್ಟೇ ತಪ್ಪು ಹೊಸ ಬೆಲ್ಟಿಗೂ ನಿಷ್ಠೆಯಿಂದ ದಾಟುತ್ತದೆ. ಗೀರನ್ನೇ ನಂಬೋಣವೆಂದರೆ ಲೆಕ್ಕ ಹಾಕಿ ನೋಡಿ. ಗೀರಿರುವ ಜಾಗದಲ್ಲಿ ಕ್ಯಾಮಿನ ವ್ಯಾಸ 30 ಮಿಲಿಮೀಟರ್ ಎಂದುಕೊಂಡರೆ ಸುತ್ತಳತೆ 94 ಮಿ.ಮೀ. ಒಂದು ಡಿಗ್ರಿ ಎಂದರೆ ಕಾಲು ಮಿಲಿಮೀಟರು. ಕಣ್ಣಳತೆಯಲ್ಲಿ ಅರ್ಧ ಮಿಲಿಮೀಟರು ಹೆಚ್ಚುಕಡಿಮೆಯಾದರೆ ಕ್ಯಾಮಿನಲ್ಲಿ ಎರಡು ಡಿಗ್ರಿ, ಕ್ರ್ಯಾಂಕಿನ ಲೆಕ್ಕದಲ್ಲಿ ನಾಲ್ಕು. ಗೀರಿನ ದಪ್ಪವೇ ಕೆಲವೊಮ್ಮೆ ಅಷ್ಟಿರುತ್ತದೆ. ಹಿಂದೆಂದೋ ತಲೆಯನ್ನು ಮಟ್ಟ ಮಾಡಲು ಸ್ವಲ್ಪ ಹೆರೆಸಿದ್ದರೆ ಕ್ಯಾಮು ಕ್ರ್ಯಾಂಕಿಗೆ ಹತ್ತಿರವಾಗಿರುತ್ತದೆ, ಬೆಲ್ಟಿನ ಅಳತೆ ಅದೇ ಇರುವುದರಿಂದ ಕ್ಯಾಮು ತುಸು ಹಿಂದೆ ಬೀಳುತ್ತದೆ. ಆಗ ಹಲ್ಲು ಹೇಗೆ ಕೂರಿಸಿದರೂ ಹಳೆಯ ಗುರುತು ಪೂರ್ತಿ ಕೂಡಿಬರುವುದಿಲ್ಲ.

ಇಡೀ ಒಂದು ಹಲ್ಲು ತಪ್ಪಿದರೆ? ಪುಲ್ಲಿಗೆ 40 ಹಲ್ಲಿದ್ದರೆ ಒಂದು ಹಲ್ಲಿಗೆ ಕ್ಯಾಮಿನಲ್ಲಿ 9 ಡಿಗ್ರಿ, ಕ್ರ್ಯಾಂಕಿನಲ್ಲಿ 18. ಐಡಲಿಂಗ್ ನಡುಗುತ್ತದೆ, ಕಂಪ್ರೆಷನ್ ಇಳಿಯುತ್ತದೆ, ಯಾರಿಗಾದರೂ ತಿಳಿಯುತ್ತದೆ. ನನಗೆ ಹೆದರಿಕೆ ನಾಲ್ಕು ಡಿಗ್ರಿಯ ತಪ್ಪಿನದು. ಎಡಗಡೆಯ ಕ್ಯಾಮು ನಾಲ್ಕು ಡಿಗ್ರಿ ಮುಂದೆ, ಬಲಗಡೆಯದು ನಾಲ್ಕು ಹಿಂದೆ ಇದ್ದರೂ ಕಾರು ಓಡುತ್ತದೆ, ಕೂಗುತ್ತದೆ, ನೋಡುವವರು ಫೋಟೋ ತೆಗೆಯುತ್ತಾರೆ. ಎಂಟು ಸಿಲಿಂಡರುಗಳಲ್ಲಿ ನಾಲ್ಕು ಒಂದು ಹಾದಿ, ನಾಲ್ಕು ಇನ್ನೊಂದು ಹಾದಿ. 355ರ ಯಜಮಾನ ಇನ್ನೊಂದು 355 ಓಡಿಸಿ ನೋಡುವವರೆಗೆ ಅವನಿಗೆ ಗೊತ್ತೇ ಆಗುವುದಿಲ್ಲ.

ನಾಲ್ಕು ಡಿಗ್ರಿಗೆ ಇಷ್ಟೇಕೆ ತಲೆಕೆಡಿಸಿಕೊಳ್ಳಬೇಕು? ಗಾಳಿಗೂ ತೂಕವಿದೆ, ತೂಕವಿದ್ದದ್ದಕ್ಕೆ ಓಟದ ಚಟವಿದೆ. ಪಿಸ್ಟನ್ನು ಕೆಳತುದಿ ಮುಟ್ಟಿ ಮೇಲೆ ಹೊರಟ ಮೇಲೂ ಒಳನುಗ್ಗುತ್ತಿರುವ ಗಾಳಿ ನುಗ್ಗುತ್ತಲೇ ಇರುತ್ತದೆ. ಹಾಗಾಗಿ ಒಳ ವಾಲ್ವನ್ನು ಬೇಕೆಂದೇ ತಡವಾಗಿ ಮುಚ್ಚುತ್ತಾರೆ. 8,000 ಆರ್‌ಪಿಎಂನಲ್ಲಿ ಆ ತಡ ಲಾಭ. 2,000ದಲ್ಲಿ ಗಾಳಿಗೆ ಅಷ್ಟು ಓಟವಿಲ್ಲದೆ ಬಂದದ್ದು ವಾಪಸು ಹೋಗುತ್ತದೆ. ಇನ್ನೊಂದು ತುದಿಯಲ್ಲಿ, ಹೊಗೆಯ ವಾಲ್ವು ಪೂರ್ತಿ ಮುಚ್ಚುವ ಮುನ್ನವೇ ಗಾಳಿಯ ವಾಲ್ವು ತೆರೆದಿರುತ್ತದೆ. ಹೊರಹೋಗುವ ಹೊಗೆ ಒಳಬರುವ ಗಾಳಿಯನ್ನು ಎಳೆದುಕೊಳ್ಳಲಿ ಎಂದು. ಕ್ಯಾಮನ್ನು ತುಸು ಮುಂದಕ್ಕೆ ತಿರುಗಿಸಿದರೆ ಕೆಳಗಿನ ವೇಗದ ಎಳೆತ ಹೆಚ್ಚುತ್ತದೆ, ಹಿಂದಕ್ಕೆ ತಿರುಗಿಸಿದರೆ ಮೇಲಿನ ವೇಗದ ಶಕ್ತಿ. ಈ ಕಾರಿಗೆ ಹಣ ಕೊಟ್ಟವನು ಕೊಟ್ಟದ್ದು ಕೊನೆಯ 2,000 ಆರ್‌ಪಿಎಂಗೆ. ಅದಿರುವುದು ಈ ಡಿಗ್ರಿಗಳಲ್ಲೇ.

ಎರಡನೆಯದು ಅಳತೆಯ ದಾರಿ. ಕ್ರ್ಯಾಂಕಿಗೆ 360 ಡಿಗ್ರಿಯ ಚಕ್ರ ಕಟ್ಟುತ್ತಾರೆ. ಮೊದಲು ನಿಜವಾದ ಮೇಲ್ತುದಿ ಹುಡುಕಬೇಕು, ಇದೇ ಅರ್ಧ ಕೆಲಸ. ಪಿಸ್ಟನ್ನು ತುದಿ ಮುಟ್ಟಿದಾಗ ಕೆಲವು ಡಿಗ್ರಿಗಳವರೆಗೆ ಹೆಚ್ಚುಕಡಿಮೆ ನಿಂತೇ ಇರುವುದರಿಂದ ನೇರವಾಗಿ ನೋಡಿ ಹೇಳಲಾಗದು. ಅದಕ್ಕೆ ಸ್ಪಾರ್ಕ್ ಪ್ಲಗ್ಗಿನ ತೂತಿನಲ್ಲಿ ಡಯಲ್ ಗೇಜು ಇಳಿಸಿ, ತುದಿಗೆ ಒಂದು ಮಿಲಿಮೀಟರ್ ಇರುವಾಗ ಎಷ್ಟು ಡಿಗ್ರಿ, ತುದಿ ದಾಟಿ ಒಂದು ಮಿಲಿಮೀಟರ್ ಇಳಿದಾಗ ಎಷ್ಟು ಡಿಗ್ರಿ ಎಂದು ಬರೆದುಕೊಂಡು, ನಡುವನ್ನು ತೆಗೆಯುತ್ತಾರೆ. ಆಮೇಲೆ ಇನ್ನೊಂದು ಗೇಜನ್ನು ವಾಲ್ವಿನ ಟ್ಯಾಪೆಟ್ಟಿನ ಮೇಲೆ ಕೂರಿಸಿ, ಕೈಯಲ್ಲೇ ಎಂಜಿನ್ ತಿರುಗಿಸುತ್ತಾ, ಕೈಪಿಡಿ ಹೇಳಿದಷ್ಟು ಎತ್ತರಕ್ಕೆ ವಾಲ್ವು ಏಳುವುದು ಯಾವ ಡಿಗ್ರಿಯಲ್ಲಿ ಎಂದು ಓದುತ್ತಾರೆ. 355ರಂತೆ ಹೈಡ್ರಾಲಿಕ್ ಟ್ಯಾಪೆಟ್ಟಿದ್ದರೆ ಅದು ಒತ್ತಿದಾಗ ಕುಗ್ಗುತ್ತದೆ, ಅಳತೆ ಸುಳ್ಳಾಗುತ್ತದೆ. ಅಳೆಯುವಷ್ಟು ಹೊತ್ತು ಗಟ್ಟಿಯಾದದ್ದೊಂದನ್ನು ಹಾಕಿಕೊಳ್ಳಬೇಕು. ಎಂಜಿನ್ನನ್ನು ಅದು ಓಡುವ ದಿಕ್ಕಿಗೇ ತಿರುಗಿಸಬೇಕು. ಗುರಿ ದಾಟಿತೆಂದು ಸ್ವಲ್ಪ ಹಿಂದಕ್ಕೆ ತಂದರೆ ಬೆಲ್ಟಿನ ಸಡಿಲ ಇನ್ನೊಂದು ಬದಿಗೆ ಸರಿದು ಓದು ಕೆಡುತ್ತದೆ. ಮತ್ತೆ ಎರಡು ಸುತ್ತು ಸುತ್ತಿ ಬರಬೇಕು.

ತಪ್ಪು ಕಂಡರೆ ತಿದ್ದಲು ದಾರಿಯಿದೆ, ಫೆರಾರಿಯವರೇ ಇಟ್ಟಿದ್ದಾರೆ. 308ರಲ್ಲಿ ಪುಲ್ಲಿಗೂ ಕ್ಯಾಮಿನ ಅಂಚಿಗೂ ಸುತ್ತಲೂ ತೂತುಗಳಿವೆ, ಆದರೆ ಎರಡರ ಅಂತರ ಬೇರೆ ಬೇರೆ. ಉದಾಹರಣೆಗೆ ಒಂದರಲ್ಲಿ 15, ಇನ್ನೊಂದರಲ್ಲಿ 16 ಎಂದಿಟ್ಟುಕೊಂಡರೆ, ಎಲ್ಲಾದರೂ ಒಂದು ಜೋಡಿ ಮಾತ್ರ ಎದುರುಬದುರಾಗುತ್ತದೆ. ಒಂದು ತೂತು ಆಚೆ ಹೋದರೆ ಒಂದೂವರೆ ಡಿಗ್ರಿ ವ್ಯತ್ಯಾಸ. ಸರಿಹೊಂದಿದ ತೂತಿಗೆ ಪಿನ್ನು ತೂರಿಸಿ ಬೋಲ್ಟು ಬಿಗಿದರೆ ಆಯಿತು. ವರ್ನಿಯರ್ ಕ್ಯಾಲಿಪರಿನದೇ ಯುಕ್ತಿ. ನಾಲ್ಕು ಕ್ಯಾಮಿಗೂ ಇದನ್ನೇ ಮಾಡಬೇಕು. ಒಂದನ್ನು ತಿದ್ದಿದಾಗ ಅದೇ ಬೆಲ್ಟಿನ ಇನ್ನೊಂದು ಕೂದಲೆಳೆಯಷ್ಟು ಸರಿಯುವುದೂ ಉಂಟು, ಆಗ ಮತ್ತೆ ಅಳತೆ. ಬಿಗಿತ ನೋಡಲು ಈಗ ಸದ್ದಿನ ಮೀಟರು ಬಂದಿದೆ: ಬೆಲ್ಟನ್ನು ತಂಬೂರಿಯ ತಂತಿಯ ಹಾಗೆ ಮೀಟಿದರೆ ಅದರ ಕಂಪನ ಎಷ್ಟು ಹರ್ಟ್ಸ್ ಎಂದು ತೋರಿಸುತ್ತದೆ.

ಗುರುತಿನ ದಾರಿಯಲ್ಲಿ ಒಂದು ಮಧ್ಯಾಹ್ನಕ್ಕೆ ಮುಗಿಯುವ ಕೆಲಸಕ್ಕೆ ಅಳತೆಯ ದಾರಿಯಲ್ಲಿ ಪೂರ್ತಿ ದಿನವೋ ಹೆಚ್ಚೋ ಹಿಡಿಯುತ್ತದೆ. ಎರಡಕ್ಕೂ ಸರ್ವಿಸ್ ಪುಸ್ತಕದಲ್ಲಿ ಬೀಳುವ ಮೊಹರು ಒಂದೇ. ಕೊಳ್ಳುವವನು ಮೊಹರಿಗೆ ಹಣ ಕೊಡುತ್ತಾನೆ, ಹಾಗಾಗಿ ಮಾರುವವನು ಮೊಹರು ಹಾಕಿಸುತ್ತಾನೆ. ಎಂಜಿನ್ ಇಳಿಸಲು ಅಷ್ಟು ಹಣ ಸುರಿದ ಮೇಲೆ, ಅದು ಮೇಜಿನ ಮೇಲೆ ಮೈ ಬಿಚ್ಚಿ ಕೂತಿರುವಾಗ, ಡಿಗ್ರಿ ಚಕ್ರ ಕಟ್ಟದೆ ವಾಪಸು ಏರಿಸುವುದು ನನಗಂತೂ ದುಂದು ಅನ್ನಿಸುತ್ತದೆ. ಒಳ್ಳೆಯ ಕಸಬುದಾರರು ನಾಲ್ಕೂ ಕ್ಯಾಮಿನ ಮೊದಲಿನ ಓದು, ತಿದ್ದಿದ ಮೇಲಿನ ಓದು ಎರಡನ್ನೂ ಬಿಲ್ಲಿನ ಜೊತೆ ಬರೆದು ಕೊಡುತ್ತಾರೆ. ಹಳೆಯ ಕಾರಿನ ಕಡತದಲ್ಲಿ ಆ ಹಾಳೆ ಸಿಕ್ಕರೆ ಐದು ವರ್ಷದ ಹಳೆಯ ಬೆಲ್ಟಿದ್ದರೂ ಆ ಕಾರನ್ನು ನಾನು ಮೊದಲು ನೋಡಿಯೇನು. ಬೆಲ್ಟು ಹೇಗೂ ಬದಲಿಸಬಹುದು.

ಸರಪಳಿ ಮರಳಿತು

2002ರ ಎಂಜೊ, 2004ರ ಎಫ್430, 2006ರ 599, ಹೀಗೆ ಒಂದೊಂದಾಗಿ ಫೆರಾರಿ ಸರಪಳಿಗೆ ಮರಳಿತು. ಕೊನೆಗೆ ಬೆಲ್ಟು ಉಳಿದದ್ದು 612 ಸ್ಕಾಲಿಯೆಟ್ಟಿಯ ವಿ12ರಲ್ಲಿ. ಅದೂ 2011ಕ್ಕೆ ನಿಂತಿತು. ಫೆರಾರಿ ಅಧಿಕೃತವಾಗಿ ದೆಹಲಿಯಲ್ಲಿ ಶೋರೂಮು ತೆರೆದದ್ದು ಅದೇ 2011ರಲ್ಲಿ. ಅಂದರೆ ಬೆಂಗಳೂರಿನ ಏರ್‌ಪೋರ್ಟ್ ರಸ್ತೆಯಲ್ಲಿ ಭಾನುವಾರ ಬೆಳಗ್ಗೆ ಕೂಗುವ ಫೆರಾರಿಗಳ ಯಜಮಾನರಲ್ಲಿ ಬಹುತೇಕರು ಬೆಲ್ಟಿನ ಗಡುವು ಎಂಬ ಶಬ್ದವನ್ನೇ ಕೇಳಬೇಕಿಲ್ಲ. ಅತ್ತ ನಮ್ಮ ಮಧ್ಯಮ ವರ್ಗದ ಇಕೋಸ್ಪೋರ್ಟಿನ ಇಕೋಬೂಸ್ಟ್ ಎಂಜಿನ್ನಿಗೆ ಎಣ್ಣೆಯಲ್ಲೇ ಮುಳುಗಿ ಓಡುವ ಬೆಲ್ಟು ಬಂತು. ಎಣ್ಣೆ ತಾಗದಿರಲಿ ಎಂದು ಒಂದು ಕಾಲದಲ್ಲಿ ಹರಕೆ ಹೊರುತ್ತಿದ್ದ ಅದೇ ಬೆಲ್ಟು!

ಸರಪಳಿ ಎಂದರೆ ಆಯುಷ್ಯಪೂರ್ತಿ ಎಂಬ ನಂಬಿಕೆಗೂ ಮಿತಿಯಿದೆ. 2000ದ ದಶಕದ ಆಡಿ ಎಸ್4ರ 4.2 ಲೀಟರ್ ವಿ8ರಲ್ಲಿ ಸರಪಳಿಗಳನ್ನು ಎಂಜಿನ್ನಿನ ಹಿಂಬದಿಗೆ, ಗೇರ್‌ಬಾಕ್ಸಿನ ಕಡೆಗೆ ಇಟ್ಟರು, ಅವು ಜಾರಿ ಓಡುವ ಗೈಡುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡಿದರು. ಆ ಪ್ಲಾಸ್ಟಿಕ್ಕು ಒಡೆದರೆ ಮತ್ತೆ ಎಂಜಿನ್ ಇಳಿಸಬೇಕು. ವ್ಯತ್ಯಾಸವಿಷ್ಟೇ: ಇದಕ್ಕೆ ಗಡುವಿಲ್ಲ, ಹಾಗಾಗಿ ಕೊಳ್ಳುವವನು ಕೇಳುವುದೂ ಇಲ್ಲ.

ನಿಜವಾದ ಬದಲಾವಣೆ ಆದದ್ದು ಬೇರೆ ಕಡೆ. ಈಗಿನ ಎಂಜಿನ್ನುಗಳ ಕ್ಯಾಮಿನ ತುದಿಯಲ್ಲಿ ಎಣ್ಣೆಯ ಒತ್ತಡದಿಂದ ಹಿಂದೆ ಮುಂದೆ ತಿರುಗುವ ವೇರಿಯೇಟರಿದೆ, ಪಕ್ಕದಲ್ಲೊಂದು ಸೆನ್ಸರಿದೆ. ಯಾವ ವೇಗಕ್ಕೆ ಯಾವ ಕೋನ ಬೇಕೋ ಅದನ್ನು ಕಂಪ್ಯೂಟರು ಓಡುತ್ತಿರುವಾಗಲೇ ಕೇಳುತ್ತದೆ, ಸಿಕ್ಕದ್ದನ್ನು ಓದುತ್ತದೆ, ತಿದ್ದುತ್ತದೆ. 360 ಮೊಡೇನಾದಲ್ಲೇ ಹೊಗೆಯ ಕಡೆಯ ಕ್ಯಾಮಿಗೆ ಇದರ ಆರಂಭವಾಗಿತ್ತು. ಇಂದಿನ ಮೆಕ್ಯಾನಿಕು ಬಂಪರಿನ ಬಳಿ ಮಂಡಿಯೂರುವ ಬದಲು ಸ್ಟೀರಿಂಗಿನ ಕೆಳಗೆ ಕೇಬಲ್ ಸಿಕ್ಕಿಸಿ ಲ್ಯಾಪ್‌ಟಾಪಿನಲ್ಲಿ ನಾಲ್ಕೂ ಕ್ಯಾಮಿನ ಡಿಗ್ರಿ ನೋಡಿಬಿಡುತ್ತಾನೆ. 355ಕ್ಕೆ ಆ ಕೇಬಲ್ಲಿನಿಂದ ಉಪಯೋಗವಿಲ್ಲ. ಅದಕ್ಕೆ ಈಗಲೂ ಲಿಫ್ಟು ಬೇಕು, ಮೇಜು ಬೇಕು, ಡಯಲ್ ಗೇಜು ಬೇಕು, ಎಂಜಿನ್ನನ್ನು ಕೈಯಲ್ಲಿ ನಿಧಾನ ತಿರುಗಿಸುತ್ತಾ ಮುಳ್ಳಿನ ಮೇಲೆ ಕಣ್ಣಿಟ್ಟು ಕೂರುವ ಮನುಷ್ಯ ಬೇಕು. ಅಂಥವರ ಕೂಲಿ ಇಳಿಯುವ ಲಕ್ಷಣ ಕಾಣುತ್ತಿಲ್ಲ.